ಕಿಂಡಿತಲೆಯ ಗಿಟಾರಿಗೆ ಯಾವ ತಂತಿ, ಎಂಥ ಸುತ್ತು?

"ಸರ್, ಅಂಗಡ್ಯಾಗ ಹತ್ತು ನಮೂನಿ ಪಾಕೀಟ್ ಅವ. ಯಾವುದು ತಗೋಬೇಕು? ಮತ್ತ ಈ ತಲಿ ಸೀಳಿದ ಗಿಟಾರಿಗಿ ತಂತಿ ಹ್ಯಾಂಗ್ ಕಟ್ಟೋದ್ರಿ?"

ಹೋದ ತಿಂಗಳು ಪಾಠಕ್ಕೆ ಬರುವ ಹುಡುಗನೊಬ್ಬ ಕೇಳಿದ ಮಾತಿದು. ಅವನು ಕಾಲೇಜಿನಲ್ಲಿ ಓದುತ್ತಿದ್ದಾನೆ, ಕೈಯಲ್ಲಿರುವುದು ಸೆಕೆಂಡ್ ಹ್ಯಾಂಡ್ ಗಿಟಾರ್. ಅದೇ ವಾರ ಬೀದರ್‌ನಿಂದ ಅಕ್ಕನೊಬ್ಬರು ಫೋನ್ ಮಾಡಿದರು. ಪ್ರತಿ ಭಾನುವಾರ ಚರ್ಚಿನಲ್ಲಿ ನುಡಿಸುವವರು, ಹಬ್ಬದ ದಿನಗಳಲ್ಲಿ ವಾರವಿಡೀ ನುಡಿಸುವವರು. ಅವರ ಗಿಟಾರಿಗೂ ಅಂಥದ್ದೇ ತಲೆ, ಅವರ ಗೊಂದಲವೂ ಅದೇ. ಮೂರನೆಯವರು ಯಾದಗಿರಿಯ ಹಿರಿಯರು. ತೀರಿಹೋದ ಕಾಕಾ ಬಿಟ್ಟುಹೋದ ಹಳೆಯ ಸಣ್ಣ ಗಿಟಾರೊಂದು ಅವರ ಅಟ್ಟದಲ್ಲಿ ಸಿಕ್ಕಿದೆ. ತಂತಿಗಳೆಲ್ಲ ತುಕ್ಕು ಹಿಡಿದಿವೆ, ಮತ್ತೆ ನುಡಿಸಬೇಕೆಂಬ ಆಸೆ ಇದೆ.

ಮೂವರಿಗೂ ಒಂದೇ ಉತ್ತರ ಕೊಟ್ಟರೆ ಇಬ್ಬರಿಗಾದರೂ ತಪ್ಪು ಉತ್ತರ ಕೊಟ್ಟಂತೆ. ಹಾಗಾಗಿ ಯಾವುದನ್ನು ಯಾವುದರ ಜೊತೆ ತೂಗಿ ನೋಡಬೇಕು ಎನ್ನುವುದನ್ನು ಮೊದಲಿನಿಂದ ಬರೆಯುತ್ತಿದ್ದೇನೆ.

ಸಾಮಾನ್ಯ ಅಕೌಸ್ಟಿಕ್ ಗಿಟಾರಿನ ತಲೆ ಒಂದು ಗಟ್ಟಿ ಹಲಗೆ. ಅದರ ಮೇಲೆ ಆರು ಕಂಬಗಳು ನೆಟ್ಟಗೆ ನಿಂತಿರುತ್ತವೆ, ತಂತಿಯನ್ನು ಅವಕ್ಕೆ ಸುತ್ತುತ್ತೇವೆ. ಇನ್ನೊಂದು ಬಗೆಯಲ್ಲಿ ತಲೆಗೆ ಉದ್ದುದ್ದ ಎರಡು ಕಿಂಡಿ ಕೊರೆದಿರುತ್ತಾರೆ. ಆ ಕಿಂಡಿಗಳೊಳಗೆ ಉರುಳೆಗಳು ಅಡ್ಡಲಾಗಿ ಮಲಗಿರುತ್ತವೆ, ತಿರುಗಿಸುವ ಕೀಗಳು ತಲೆಯ ಹಿಂಬದಿಗೆ ಚಾಚಿರುತ್ತವೆ. ಇಂಗ್ಲಿಷಿನವರು ಸ್ಲಾಟೆಡ್ ಹೆಡ್‌ಸ್ಟಾಕ್ ಅನ್ನುವುದು ಇದಕ್ಕೇ. ನಾನು ಕಿಂಡಿತಲೆ ಅನ್ನುತ್ತೇನೆ. ಇದು ಹೊಸ ಫ್ಯಾಷನ್ ಅಲ್ಲ, ಹಳೆಯ ಪದ್ಧತಿ. ಅಮೆರಿಕದ ಮಾರ್ಟಿನ್ ಕಂಪನಿ 1929ರಲ್ಲಿ 14ನೇ ಫ್ರೆಟ್ಟಿಗೆ (ಕುತ್ತಿಗೆಯ ಮೇಲೆ ಅಡ್ಡಲಾಗಿ ಕೂರಿಸಿದ ಲೋಹದ ಪಟ್ಟಿ) ಒಡಲು ಕೂಡುವ ಓಎಂ ಮಾದರಿಯನ್ನು ಗಟ್ಟಿ ತಲೆಯೊಂದಿಗೆ ತಂದಿತು. ಅದಕ್ಕೆ ಮುಂಚೆ 12ನೇ ಫ್ರೆಟ್ಟಿಗೆ ಒಡಲು ಕೂಡುವ, ಕಿಂಡಿತಲೆಯ ಗಿಟಾರುಗಳೇ ಅಲ್ಲಿ ವಾಡಿಕೆಯಾಗಿದ್ದವು. ಈಗಲೂ ಸಣ್ಣ ಒಡಲಿನ, ಬೆರಳಿನಲ್ಲಿ ಮೀಟುವ ಗಿಟಾರುಗಳಿಗೆ ಇದೇ ತಲೆ ಹೆಚ್ಚು.

ಪಾಕೀಟಿಗೆ ಕೈ ಹಾಕುವ ಮುಂಚೆ ಉರುಳೆ ನೋಡಿ

ಎಲ್ಲಕ್ಕಿಂತ ಮೊದಲು ಇದನ್ನು ಹೇಳಲೇಬೇಕು. ಕಿಂಡಿತಲೆ ಇದ್ದ ಮಾತ್ರಕ್ಕೆ ಅದು ಸ್ಟೀಲ್ ತಂತಿಯ ಗಿಟಾರ್ ಆಗುವುದಿಲ್ಲ. ಕ್ಲಾಸಿಕಲ್ ಗಿಟಾರಿಗೂ ಇದೇ ತಲೆ. ಗುರುತು ಹಿಡಿಯುವುದು ಸುಲಭ. ಉರುಳೆ ದಪ್ಪಗಿದ್ದು ಬಿಳಿ ಪ್ಲಾಸ್ಟಿಕ್ಕಿನದಾಗಿದ್ದರೆ, ಕೆಳಗೆ ಬ್ರಿಡ್ಜಿನಲ್ಲಿ (ತಂಬೂರಿಯವರು ಕುದುರೆ ಅನ್ನುವ ಜಾಗ) ತಂತಿಯನ್ನು ಗಂಟು ಹಾಕಿ ಕಟ್ಟಿದ್ದರೆ, ಅದು ನೈಲಾನ್ ಗಿಟಾರ್. ಉರುಳೆ ತೆಳ್ಳಗಿನ ಲೋಹದ್ದಾಗಿದ್ದು, ಬ್ರಿಡ್ಜಿನಲ್ಲಿ ತಂತಿಗಳನ್ನು ಆರು ಪಿನ್ನುಗಳು ಹಿಡಿದಿದ್ದರೆ ಸ್ಟೀಲ್ ಗಿಟಾರ್. ಕುತ್ತಿಗೆಯ ಅಗಲವೂ ಹೇಳುತ್ತದೆ: ಕ್ಲಾಸಿಕಲ್‌ಗೆ ನಟ್ (ತಲೆಯ ಬುಡದಲ್ಲಿ ತಂತಿಗಳು ಹಾದುಹೋಗುವ ಅಡ್ಡಪಟ್ಟಿ) ಬಳಿ ಸುಮಾರು 52 ಮಿ.ಮೀ., ಸ್ಟೀಲ್ ಗಿಟಾರಿಗೆ 43ರಿಂದ 48.

ಇದು ಯಾಕೆ ಇಷ್ಟು ಮುಖ್ಯ ಅಂದರೆ, ನೈಲಾನ್ ತಂತಿಗಳ ಸೆಟ್ಟು ಒಟ್ಟು ಎಳೆಯುವುದು 40 ಕೆ.ಜಿ.ಯ ಆಸುಪಾಸು. 12ರ ಸ್ಟೀಲ್ ಸೆಟ್ಟು (ಈ ಅಂಕಿಯ ಅರ್ಥ ಮುಂದೆ ಹೇಳುತ್ತೇನೆ) 70 ಕೆ.ಜಿ. ದಾಟುತ್ತದೆ. ಕೆಲವು ವರ್ಷಗಳ ಹಿಂದೆ ಮಗುವೊಂದರ ಕ್ಲಾಸಿಕಲ್ ಗಿಟಾರಿಗೆ ಅಂಗಡಿಯೊಂದರಲ್ಲಿ ಸ್ಟೀಲ್ ತಂತಿ ಹಾಕಿಕೊಟ್ಟಿದ್ದರು. ಆ ಮಗು ನನ್ನ ಬಳಿ ತಂದಾಗ ಬ್ರಿಡ್ಜ್ ಹಿಂಬದಿಯಿಂದ ಎದ್ದು, ಕೆಳಗೆ ಒಂದು ಕಾರ್ಡು ತೂರಿಸುವಷ್ಟು ಸಂದು ಬಿದ್ದಿತ್ತು. ಪ್ಲಾಸ್ಟಿಕ್ ಉರುಳೆಗಳಲ್ಲಿ ತಂತಿ ಕೊರೆದ ಗೆರೆಗಳಿದ್ದವು. ಮಗುವಿನ ಕಣ್ಣಲ್ಲಿ ನೀರು. ಆ ಸಂಕಟ ಇನ್ನೊಂದು ಮನೆಗೆ ಬರಬಾರದು.

ಇಲ್ಲಿಂದ ಮುಂದೆ ನಾನು ಬರೆಯುತ್ತಿರುವುದು ಲೋಹದ ಉರುಳೆ, ಪಿನ್ ಬ್ರಿಡ್ಜ್ ಇರುವ ಕಿಂಡಿತಲೆಯ ಸ್ಟೀಲ್ ಗಿಟಾರಿನ ಬಗ್ಗೆ. ಅದಕ್ಕೆ ನೈಲಾನ್ ಹಾಕಬಹುದೇ ಎಂದೂ ಕೇಳುತ್ತಾರೆ. ಕೆಡುಕೇನೂ ಆಗದು. ಆದರೆ ಒಳಗಿನ ಪಟ್ಟಿಗಳನ್ನು ಹೆಚ್ಚಿನ ಎಳೆತಕ್ಕೆಂದು ಕಟ್ಟಿರುವುದರಿಂದ ನೈಲಾನಿಗೆ ಮೇಲುಹಲಗೆ ಸರಿಯಾಗಿ ಅಲುಗುವುದಿಲ್ಲ, ದನಿ ಬಡವಾಗುತ್ತದೆ. ನಾನು ಹಾಕುವುದಿಲ್ಲ.

ಯಾವುದರಿಂದ ತೂಗಬೇಕು

ನನ್ನ ತಕ್ಕಡಿಯಲ್ಲಿ ನಾಲ್ಕು ಬಟ್ಟುಗಳಿವೆ. ಮೊದಲನೆಯದು ಎಳೆತ, ಅಂದರೆ ನಿಮ್ಮ ಗಿಟಾರಿನ ಮರ ಮತ್ತು ನಿಮ್ಮ ಬೆರಳು ಎಷ್ಟು ತಾಳುತ್ತವೆ. ಎರಡನೆಯದು ನಮ್ಮ ಹವೆಯಲ್ಲಿ ತಂತಿಯ ಬಾಳಿಕೆ. ಮೂರನೆಯದು ದನಿ. ನಾಲ್ಕನೆಯದನ್ನು ಬಹಳ ಮಂದಿ ಲೆಕ್ಕಕ್ಕೇ ಹಿಡಿಯುವುದಿಲ್ಲ: ಆ ತಂತಿಯನ್ನು ಬಿಚ್ಚಿ ಮತ್ತೆ ಕಟ್ಟುವ ಶ್ರಮ. ಗಟ್ಟಿ ತಲೆಯ ಗಿಟಾರಿಗೆ ನಾನು ಇಪ್ಪತ್ತು ನಿಮಿಷದಲ್ಲಿ ತಂತಿ ಬದಲಿಸುತ್ತೇನೆ. ಕಿಂಡಿತಲೆಗೆ ನಲವತ್ತು ಬೇಕು, ಹೊಸಬರಿಗೆ ಒಂದೂವರೆ ಗಂಟೆ. ಬೆರಳು ಕಿಂಡಿಯೊಳಗೆ ಹೋಗುವುದಿಲ್ಲ, ತೂತು ಕಣ್ಣಿಗೆ ಬೀಳುವುದಿಲ್ಲ, ಕತ್ತರಿಸಿದ ತುದಿ ಚುಚ್ಚುತ್ತದೆ. ಹಾಗಾಗಿ ಈ ಗಿಟಾರಿನಲ್ಲಿ ತಂತಿಯ ಬೆಲೆಯೆಂದರೆ ಪಾಕೀಟಿನ ಮೇಲೆ ಬರೆದ ಅಂಕಿ ಒಂದೇ ಅಲ್ಲ, ಆ ನಲವತ್ತು ನಿಮಿಷವೂ ಬೆಲೆಯೇ.

ದಪ್ಪ: 12, 11, 10

ಪಾಕೀಟಿನ ಮೇಲಿನ 12–53 ಎಂದರೆ ಮೊದಲ ತಂತಿ ಒಂದು ಇಂಚಿನ ಸಾವಿರದಲ್ಲಿ 12 ಪಾಲು ದಪ್ಪ, ಆರನೆಯದು 53 ಪಾಲು. ಲೈಟ್ ಎಂದು ಬರೆದಿದ್ದರೂ ಇದು ಕೈಗೆ ಲೈಟ್ ಅಲ್ಲ. 11–52ರ ಕಸ್ಟಮ್ ಲೈಟ್ ಸೆಟ್ಟು 65ರಿಂದ 70 ಕೆ.ಜಿ.ಯೊಳಗೆ ಎಳೆಯುತ್ತದೆ, 10–47ರ ಎಕ್ಸ್‌ಟ್ರಾ ಲೈಟ್ 60ರ ಸುತ್ತಮುತ್ತ. ಹೊರಸುತ್ತಿಲ್ಲದ ನುಣುಪು ತಂತಿಯ ಎಳೆತ ಅದರ ದಪ್ಪದ ವರ್ಗಕ್ಕೆ ತಕ್ಕಂತೆ ಏರುತ್ತದೆ. ಹಾಗಾಗಿ ಮೊದಲ ತಂತಿಯನ್ನು 12ರಿಂದ 10ಕ್ಕೆ ಇಳಿಸಿದರೆ ಆ ಒಂದು ತಂತಿಯಲ್ಲಿ ಎಳೆತ ಹೆಚ್ಚುಕಡಿಮೆ ಮೂರರಲ್ಲೊಂದು ಪಾಲು ಕಡಿಮೆಯಾಗುತ್ತದೆ. ಬೆರಳಿಗೆ ಇದು ತಕ್ಷಣ ಗೊತ್ತಾಗುತ್ತದೆ.

12 ಹಾಕಿದರೆ ದನಿ ತುಂಬಿ ಬರುತ್ತದೆ, ಮೈಕ್ ಇಲ್ಲದೆ ಹತ್ತು ಮಂದಿ ಹಾಡುವ ಕಡೆಯೂ ಕೇಳುತ್ತದೆ. ಆದರೆ ಹಳೆಯ, ಹಗುರವಾಗಿ ಕಟ್ಟಿದ ಸಣ್ಣ ಗಿಟಾರುಗಳಿಗೆ ಅದು ಹೊರೆ. 10ರ ಸೆಟ್ಟು ಬೆರಳಿಗೆ ಹಿತ. ಆದರೆ ಜೋರಾಗಿ ಬಡಿದರೆ ಫ್ರೆಟ್ಟಿಗೆ ತಾಗಿ ಜರ್ ಎನ್ನುತ್ತದೆ, ಮಂದ್ರ ತಂತಿಗಳು ಸೊರಗುತ್ತವೆ. 11 ಇವೆರಡರ ನಡುವಿನದು, ಕಿಂಡಿತಲೆಯ ಸಣ್ಣ ಗಿಟಾರಿಗೆ ನನ್ನ ಮೊದಲ ಆಯ್ಕೆಯೂ ಅದೇ. ಇದಕ್ಕೆ ಕಾರಣವೂ ಇದೆ. ಈ ಗಿಟಾರುಗಳಲ್ಲಿ ಎಷ್ಟೋ 632 ಮಿ.ಮೀ. ಆಸುಪಾಸಿನ ತಂತಿಯುದ್ದದವು, ದೊಡ್ಡವು 645ರವು. ಉದ್ದ ಕಡಿಮೆಯಾದರೆ ಅದೇ ಶ್ರುತಿಗೆ ಎಳೆತವೂ ಕಡಿಮೆ ಸಾಕು, ಇಲ್ಲಿ ಸುಮಾರು ನೂರಕ್ಕೆ 4ರಷ್ಟು. ಹಾಗಾಗಿ ಸಣ್ಣ ಗಿಟಾರಿನಲ್ಲಿ 11 ಇನ್ನೂ ಮೆತ್ತಗಾಗುತ್ತದೆ. 10ಕ್ಕೆ ಇಳಿಯುವ ಅಗತ್ಯ ಬಹಳ ಮಂದಿಗೆ ಬೀಳುವುದಿಲ್ಲ.

ಭಜನೆ, ವಚನ, ತತ್ವಪದಗಳ ಜೊತೆ ನುಡಿಸುವವರಿಗೆ ಇಲ್ಲೊಂದು ಅನುಕೂಲವಿದೆ. ನಮ್ಮ ಕಡೆ ಎಷ್ಟೋ ಗಂಡಸರು ಕಾಳಿ ಒಂದು, ಕಾಳಿ ಎರಡರಲ್ಲಿ ಹಾಡುತ್ತಾರೆ. ಗಿಟಾರಿನ ಆರೂ ತಂತಿಗಳನ್ನು ಅರ್ಧ ಸ್ವರ ಇಳಿಸಿದರೆ ಆರನೇ ತಂತಿ ಇ ಬಿಟ್ಟು ಡಿ ಶಾರ್ಪ್‌ಗೆ ಬಂದು ಕೂರುತ್ತದೆ, ಅಂದರೆ ಹಾರ್ಮೋನಿಯಂನ ಕಾಳಿ ಎರಡಕ್ಕೆ. ಷಡ್ಜ ಬಿಟ್ಟ ತಂತಿಯಲ್ಲೇ ಸಿಗುತ್ತದೆ. ಹೀಗೆ ಅರ್ಧ ಸ್ವರ ಇಳಿಸಿದಾಗ ಎಳೆತ ನೂರಕ್ಕೆ 11ರಷ್ಟು ಕಡಿಮೆಯಾಗುತ್ತದೆ, ಪೂರ್ತಿ ಒಂದು ಸ್ವರ ಇಳಿಸಿದರೆ ನೂರಕ್ಕೆ 20ರಷ್ಟು. ಹೀಗೆ ಇಳಿಸಿ ನುಡಿಸುವವರು ಧೈರ್ಯವಾಗಿ 12ರ ಸೆಟ್ಟು ಹಾಕಬಹುದು. ಇಳಿಸಿದ ಮೇಲೆ 10ರ ತಂತಿ ಜೋತುಬೀಳುತ್ತದೆ, ಅದನ್ನು ಬಿಡಿ.

ಲೋಹ: ಹಳದಿ, ಕೆಂಪು, ಲೇಪದ್ದು, ರೇಷ್ಮೆಯದ್ದು

80/20 ಎಂದು ಬರೆದ ಹಳದಿ ಬಣ್ಣದ ತಂತಿಯ ಹೊರಸುತ್ತು (ದಪ್ಪ ತಂತಿಗಳ ನಡುಎಳೆಯ ಮೇಲೆ ಸುತ್ತಿದ ಲೋಹ) 80 ಪಾಲು ತಾಮ್ರ, 20 ಪಾಲು ಸತು. ಬ್ರಾಂಜ್ ಎಂದು ಕರೆದರೂ ನಿಜಕ್ಕೆ ಅದು ಹಿತ್ತಾಳೆಯೇ. ಹಾಕಿದ ದಿನ ಇದರಷ್ಟು ಥಳಥಳಿಸುವ ದನಿ ಇನ್ನೊಂದಿಲ್ಲ, ಬೆಲೆಯೂ ಕಡಿಮೆ. ಆದರೆ ಬೆವರು ಇದಕ್ಕೆ ಶತ್ರು. ಏಪ್ರಿಲ್, ಮೇ ತಿಂಗಳಲ್ಲಿ ಕಲಬುರಗಿಯ ಬಿಸಿಲು 40 ಡಿಗ್ರಿ ದಾಟಿ ನಿಂತಾಗ, ಫ್ಯಾನಿನ ಕೆಳಗೆ ಕೂತರೂ ಮುಂಗೈಯಿಂದ ಬೆವರು ಇಳಿಯುತ್ತದೆ. ಆ ದಿನಗಳಲ್ಲಿ ನನ್ನ ಕೈಗೆ 80/20 ಮೂರು ವಾರಕ್ಕೆ ಕಪ್ಪಾಗಿ ಮಂಕಾಗುತ್ತದೆ. ಗಟ್ಟಿ ತಲೆಯ ಗಿಟಾರ್ ಆಗಿದ್ದರೆ ಮೂರು ವಾರಕ್ಕೊಮ್ಮೆ ಬದಲಿಸಿಯೇನು. ಕಿಂಡಿತಲೆಗೆ ಅದು ಆಗದ ಮಾತು.

ಫಾಸ್ಫರ್ ಬ್ರಾಂಜ್ ಕೆಂಪು ಛಾಯೆಯದು: ತಾಮ್ರ, ಜೊತೆಗೆ ತವರ, ತುಸು ರಂಜಕ. ಗಿಟಾರ್ ತಂತಿಗೆ ಇದನ್ನು ಡಡಾರಿಯೊ ಕಂಪನಿ 1974ರಲ್ಲಿ ತಂದಿತು. ಮೊದಲ ದಿನದ ಹೊಳಪು ಹಳದಿಯದಕ್ಕಿಂತ ಒಂದು ಕೂದಲೆಳೆ ಕಡಿಮೆ, ಆದರೆ ದನಿ ಬೆಚ್ಚಗಿರುತ್ತದೆ, ಹೆಚ್ಚು ದಿನ ನಿಲ್ಲುತ್ತದೆ. ನನ್ನ ಕೈಯಲ್ಲಿ ಆರು ವಾರ ಚೆನ್ನಾಗಿ ಬಾಳುತ್ತದೆ. ಸಣ್ಣ ಒಡಲಿನ ಗಿಟಾರಿಗೆ ಮೊದಲೇ ಏರುದನಿ ಹೆಚ್ಚು, ಮಂದ್ರ ಕಡಿಮೆ. ಅದಕ್ಕೆ ಈ ಬೆಚ್ಚನೆಯ ತಂತಿಯೇ ಜೋಡಿ ಎಂದು ನನಗನ್ನಿಸುತ್ತದೆ.

ಲೇಪದ ತಂತಿ, ಅಂಗಡಿಯ ಮಾತಿನಲ್ಲಿ ಕೋಟೆಡ್. ತಂತಿಯ ಮೇಲೆ ತೆಳ್ಳಗಿನ ಪಾಲಿಮರ್ ಪೊರೆ ಇರುತ್ತದೆ, ಬೆವರು ಸುತ್ತುಗಳ ಸಂದಿಗೆ ಇಳಿಯುವುದಿಲ್ಲ. ಬೆಲೆ ಸಾದಾ ಸೆಟ್ಟಿಗಿಂತ ಎರಡು ಎರಡೂವರೆ ಪಟ್ಟು. ಇಷ್ಟು ಕೊಡಬೇಕೇ? ಲೆಕ್ಕ ಹಾಕೋಣ. ಸಾದಾ ಸೆಟ್ಟಿಗೆ 600 ರೂಪಾಯಿ, ಲೇಪದ್ದಕ್ಕೆ 1,500 ಎಂದಿಟ್ಟುಕೊಳ್ಳಿ. ಸಾದಾ ಸೆಟ್ಟು ಒಂದೂವರೆ ತಿಂಗಳು ಬಂದರೆ ತಿಂಗಳಿಗೆ 400 ಬಿದ್ದಂತೆ. ಲೇಪದ್ದು ನನಗೆ ನಾಲ್ಕು ತಿಂಗಳು ಬರುತ್ತದೆ, ತಿಂಗಳಿಗೆ 375. ಹಣದಲ್ಲಿ ಹೆಚ್ಚುಕಡಿಮೆ ಸರಿಸಮ. ಆದರೆ ವರ್ಷಕ್ಕೆ ಎಂಟು ಸಲ ಕಿಂಡಿಯೊಳಗೆ ಬೆರಳು ತೂರಿಸುವುದರ ಬದಲು ಮೂರು ಸಲ ಸಾಕು. ಗಟ್ಟಿ ತಲೆಯ ಗಿಟಾರಿಗೆ ಲೇಪದ ತಂತಿ ಬೇಕೋ ಬೇಡವೋ ಎಂದು ನಾನು ಎರಡು ಮಾತಾಡುತ್ತೇನೆ. ಕಿಂಡಿತಲೆಗೆ, ಹೆಚ್ಚು ನುಡಿಸುವ ಕೈಗೆ, ಕೊಟ್ಟ ಹಣ ಸಾರ್ಥಕ. ಕೊರತೆ ಇಲ್ಲವೆಂದಲ್ಲ. ಬೆರಳಿಗೆ ತುಸು ಜಾರುತ್ತದೆ, ಕೆಲವರಿಗೆ ಹಿಡಿತ ಸಿಗದು. ಪಿಕ್‌ನಿಂದ ಜೋರಾಗಿ ಬಡಿಯುವವರಿಗೆ ಲೇಪ ನೂಲುನೂಲಾಗಿ ಏಳುವುದೂ ಉಂಟು. ಇನ್ನು ಕಟ್ಟುವ ಮೊದಲ ದಿನವೇ ಒಂದು ತಂತಿ ಹರಿದರೆ ಬಿಡಿ ತಂತಿ ನಮ್ಮ ಊರುಗಳಲ್ಲಿ ಸಿಗುವುದು ಕಷ್ಟ. ಕೈ ಪಳಗದವರು ಮೊದಲ ಸಲವೇ ಇದನ್ನು ಕಟ್ಟಲು ಹೋಗಬೇಡಿ.

ಸಿಲ್ಕ್ ಆಂಡ್ ಸ್ಟೀಲ್ ಅಂಗಡಿಯಲ್ಲಿ ಕೇಳಿದರೆ ಎಲ್ಲರೂ ತೆಗೆದುಕೊಡುವುದಿಲ್ಲ, ಬಹುಪಾಲು ಆನ್‌ಲೈನ್‌ನಲ್ಲಿ ತರಿಸಬೇಕು. ಸ್ಟೀಲ್ ನಡುಎಳೆಯ ಸುತ್ತ ರೇಷ್ಮೆಯ ಅಥವಾ ನೈಲಾನಿನ ನೂಲು, ಅದರ ಮೇಲೆ ಬೆಳ್ಳಿಲೇಪದ ತಾಮ್ರದ ಸುತ್ತು. ಎಳೆತ ಕಡಿಮೆ, ದನಿ ಮೆತ್ತಗೆ, ಒಂದು ಕೋಣೆಯೊಳಗೆ ಕೂತು ಕೇಳಲು ಸೊಗಸು. ನಾಲ್ಕು ಮಂದಿಯ ನಡುವೆ ಮುಳುಗಿಹೋಗುತ್ತದೆ, ಬಾಳಿಕೆಯೂ ಅಷ್ಟಕ್ಕಷ್ಟೆ. ಆದರೆ ವಯಸ್ಸಾದ ಗಿಟಾರಿಗೆ ಇದು ಔಷಧಿಯಿದ್ದಂತೆ.

ಸುತ್ತುವ ಬಗೆ

ತಂತಿ ಯಾವುದೇ ಇರಲಿ, ಕಿಂಡಿತಲೆಯಲ್ಲಿ ಸೋಲು ಗೆಲುವು ನಿರ್ಧಾರವಾಗುವುದು ಇಲ್ಲಿ. ಒಂದು ವಿಷಯ ಮೊದಲೇ ಮನಸ್ಸಿನಲ್ಲಿರಲಿ. ಕಟ್ಟುವಾಗ ಬಿಚ್ಚುವ ದಿನವನ್ನೂ ನೆನೆಯಬೇಕು.

ಬರೀ ತೂರಿಸಿ ಸುತ್ತುವುದು ಮೊದಲ ಬಗೆ. ಮೇಲಿನಿಂದ ತೂತಿನೊಳಗೆ ತಂತಿ ಇಳಿಸಿ, ಅದನ್ನು ಬಿಗಿಯಾಗಿ ಹಿಡಿದು ಕೀ ತಿರುಗಿಸುತ್ತಾ ಹೋಗುವುದು. ಬಿಚ್ಚಲು ಇದರಷ್ಟು ಸುಲಭ ಇನ್ನೊಂದಿಲ್ಲ, ಎರಡು ಸುತ್ತು ಸಡಿಲಿಸಿದರೆ ತಂತಿ ತಾನಾಗಿ ಹೊರಬರುತ್ತದೆ. ಸುತ್ತಿದ ಮೈಯ ದಪ್ಪ ತಂತಿಗಳು ಉರಟಾಗಿರುವುದರಿಂದ ಹೀಗೇ ಗಟ್ಟಿಯಾಗಿ ನಿಲ್ಲುತ್ತವೆ. ನುಣುಪಾದ ಒಂದು, ಎರಡನೇ ತಂತಿಗಳು ಮಾತ್ರ ಸುತ್ತು ಕಡಿಮೆಯಾದರೆ ಜಾರುತ್ತವೆ.

ಎರಡನೆಯದು ಬೀಗ ಹಾಕುವ ಬಗೆ. ತೂತಿನಿಂದ ಕೆಳಗೆ ಬಂದ ಬಾಲವನ್ನು ನಟ್ ಕಡೆಯಿಂದ ಮೇಲೆ ತಂದು, ತಂತಿಯ ಅಡಿಯಲ್ಲಿ ತೂರಿಸಿ ಹಿಂದಕ್ಕೆ ಬಗ್ಗಿಸಿ, ಅದರ ಮೇಲೆ ತಂತಿ ಸುತ್ತಿಬರುವಂತೆ ಮಾಡುವುದು. ಜಾರುವ ಮಾತೇ ಇಲ್ಲ, ಒಂದೂವರೆ ಸುತ್ತಿಗೇ ನಿಲ್ಲುತ್ತದೆ. ಆದರೆ ಬಿಚ್ಚುವಾಗ ಬಗ್ಗಿದ ತಂತಿಯ ತುಂಡು ಕಿಂಡಿಯೊಳಗೆ ಸಿಕ್ಕಿಹಾಕಿಕೊಳ್ಳುತ್ತದೆ. ಚೂಪುಮೂತಿಯ ಇಕ್ಕಳದಲ್ಲಿ ಹಿಡಿದು ಎಳೆಯಬೇಕು, ಆಗ ತಲೆಯ ಮರಕ್ಕೆ ಗೀರು ಬೀಳುತ್ತದೆ. ಆರೂ ತಂತಿಗೆ ಹೀಗೆ ಬೀಗ ಹಾಕಿಕೊಂಡು ಬಂದ ಗಿಟಾರುಗಳನ್ನು ಬಿಚ್ಚುತ್ತಾ ನನ್ನ ಬೆರಳುಗಳಿಂದ ರಕ್ತ ಬಂದದ್ದಿದೆ.

ಮೂರನೆಯದು ತೂತಿನ ಎರಡೂ ಪಕ್ಕ ಸುತ್ತುವುದು. ಮೊದಲ ಸುತ್ತನ್ನು ತೂತಿನ ಒಂದು ಬದಿಗೆ ಹಾಕಿ, ಉಳಿದ ಸುತ್ತುಗಳನ್ನು ಇನ್ನೊಂದು ಬದಿಗೆ ದಾಟಿಸುವುದು. ನಡುವೆ ಬಾಲ ಅದುಮಿ ಹಿಡಿದಂತಾಗುತ್ತದೆ. ಬೀಗದಷ್ಟು ಬಿಗಿಯಲ್ಲ, ಜಾರುವಷ್ಟು ಸಡಿಲವೂ ಅಲ್ಲ. ಬಿಚ್ಚಲೂ ಸಲೀಸು. ಕಲಿಯಲು ನಾಲ್ಕು ಸಲ ಬೇಕು ಅಷ್ಟೆ.

ನಾನು ಈಗ ಮಾಡುವುದು ಹೀಗೆ: ಆರು, ಐದು, ನಾಲ್ಕು, ಮೂರನೇ ತಂತಿಗೆ ಬರೀ ತೂರಿಸಿ ಸುತ್ತುವುದು. ಎರಡು, ಒಂದನೇ ತಂತಿಗೆ ಎರಡೂ ಪಕ್ಕದ ಸುತ್ತು. ಬೀಗವನ್ನು ಪೂರ್ತಿ ಬಿಟ್ಟೆ. ಮೈಕ್ ಮುಂದೆ ನಿಂತು ಹಾಡಿನ ನಡುವೆ ಶ್ರುತಿ ಇಳಿಯುವುದನ್ನು ಸ್ವಲ್ಪವೂ ತಾಳಲಾಗದವರು ಮಾತ್ರ ಸಣ್ಣ ಎರಡು ತಂತಿಗೆ ಬೀಗ ಹಾಕಿಕೊಳ್ಳಲಿ.

ಎಷ್ಟು ಸಡಿಲು ಬಿಡಬೇಕು ಎನ್ನುವುದಕ್ಕೆ ಅಂದಾಜು ಬೇಡ, ಲೆಕ್ಕವಿದೆ. ಲೋಹದ ಉರುಳೆ ಸುಮಾರು 6 ಮಿ.ಮೀ. ದಪ್ಪವಿದ್ದರೆ ಒಂದು ಸುತ್ತಿಗೆ 19 ಮಿ.ಮೀ. ತಂತಿ ಬೇಕು. ದಪ್ಪ ತಂತಿಗೆ ಎರಡು ಸುತ್ತು ಸಾಕು, ಅಂದರೆ 4 ಸೆಂ.ಮೀ. ಸಡಿಲು. ನುಣುಪು ತಂತಿಗೆ ಮೂರರಿಂದ ನಾಲ್ಕು ಸುತ್ತು, 6ರಿಂದ 7.5 ಸೆಂ.ಮೀ. ಇದಕ್ಕಿಂತ ಹೆಚ್ಚು ಸುತ್ತಿದರೆ ಕಿಂಡಿಯಲ್ಲಿ ಜಾಗವಿರುವುದಿಲ್ಲ. ಸುತ್ತು ಗೋಡೆಗೆ ಉಜ್ಜುತ್ತದೆ, ಇಲ್ಲವೇ ಅದರ ಮೇಲಿಂದ ಹಾದುಹೋಗುವ ಪಕ್ಕದ ತಂತಿಗೆ ತಾಗುತ್ತದೆ. ನೆನಪಿಡಿ, ನಾಲ್ಕು ಮತ್ತು ಮೂರನೇ ತಂತಿಗಳ ಉರುಳೆ ತಲೆಯ ತುತ್ತತುದಿಯಲ್ಲಿದೆ. ಅವು ಉಳಿದ ಉರುಳೆಗಳನ್ನು ದಾಟಿಯೇ ಹೋಗಬೇಕು.

ಸುತ್ತು ಯಾವ ಕಡೆ ಬೆಳೆಯಬೇಕು? ನಟ್‌ನಿಂದ ಉರುಳೆಯವರೆಗೆ ತಂತಿ ನೇರ ಗೆರೆಯಲ್ಲಿ ಹೋಗಬೇಕು, ಅಷ್ಟೇ ಸೂತ್ರ. ಆರು ಮತ್ತು ಒಂದನೇ ತಂತಿಯ ಸುತ್ತು ಹೊರಗೋಡೆಯ ಕಡೆ, ನಾಲ್ಕು ಮತ್ತು ಮೂರರದ್ದು ನಡುಗೋಡೆಯ ಕಡೆ ಬಂದರೆ ಸಾಮಾನ್ಯವಾಗಿ ಗೆರೆ ನೇರವಾಗುತ್ತದೆ. ಐದು ಮತ್ತು ಎರಡಕ್ಕೆ ಕಣ್ಣಿಟ್ಟು ನೋಡಿ ನಿರ್ಧರಿಸಿ. ತಂತಿ ಯಾವಾಗಲೂ ಉರುಳೆಯ ಮೇಲಿನಿಂದ ಹೋಗಬೇಕು, ಅಡಿಯಿಂದಲ್ಲ. ಅಡಿಯಿಂದ ಹೋದರೆ ಕಿಂಡಿಯ ಅಂಚಿಗೆ ಉಜ್ಜಿ ಮರ ಕೊರೆಯುತ್ತದೆ. ಕೀ ಯಾವ ಕಡೆ ತಿರುಗಿಸಬೇಕೆಂಬ ಗೊಂದಲ ಬಂದರೆ, ಹಳೆಯ ತಂತಿಯೊಂದನ್ನು ಬಿಚ್ಚದೆ ಬಿಟ್ಟು ಅದನ್ನು ನೋಡಿಕೊಂಡು ಮಾಡಿ.

ಕತ್ತರಿಸುವುದರಲ್ಲೂ ಎರಡು ದಾರಿ. ಮೊದಲೇ ಅಳೆದು ಕತ್ತರಿಸಿ ಆಮೇಲೆ ತೂರಿಸಿದರೆ ಚೂಪು ಬಾಲ ಕಿಂಡಿಯೊಳಗೆ ಅಡಗುತ್ತದೆ, ನೋಟಕ್ಕೂ ಚೊಕ್ಕ. ಆದರೆ ದಪ್ಪ ತಂತಿಯನ್ನು ಹಾಗೇ ಕತ್ತರಿಸಿದರೆ ಹೊರಸುತ್ತು ನಡುಎಳೆಯಿಂದ ಸಡಿಲಾಗಿ ತಂತಿ ಸತ್ತಂತೆ ನುಡಿಯಬಹುದು. ಕತ್ತರಿಸುವ ಜಾಗಕ್ಕಿಂತ ಸ್ವಲ್ಪ ಹಿಂದೆ ಮೊದಲು ಲಂಬವಾಗಿ ಬಗ್ಗಿಸಿ, ಬಗ್ಗಿದ್ದರ ಆಚೆ ಕತ್ತರಿಸಬೇಕು. ಹೊಸಬರಿಗೆ ನಾನು ಹೇಳುವುದು ಇನ್ನೊಂದು ದಾರಿ: ಪೂರ್ತಿ ಸುತ್ತಿ, ಶ್ರುತಿ ಮಾಡಿ, ಆಮೇಲೆ ಕತ್ತರಿಸಿ. ಅಳತೆ ತಪ್ಪಿದರೂ ತಂತಿ ಉಳಿಯುತ್ತದೆ.

ಒಂದೊಂದಾಗಿಯೋ, ಎಲ್ಲ ಒಟ್ಟಿಗೋ?

ಒಂದು ತೆಗೆದು ಒಂದು ಹಾಕುತ್ತಾ ಹೋದರೆ ಕುತ್ತಿಗೆಯ ಮೇಲಿನ ಎಳೆತ ಹೆಚ್ಚು ಏರುಪೇರಾಗದು, ಶ್ರುತಿ ಬೇಗ ನಿಲ್ಲುತ್ತದೆ. ಎಲ್ಲ ತೆಗೆದರೆ ಕುತ್ತಿಗೆ ಮುರಿಯುತ್ತದೆ ಎನ್ನುವ ಹೆದರಿಕೆ ಬೇಡ, ಒಂದೆರಡು ಗಂಟೆಗೆ ಏನೂ ಆಗದು. ಎಲ್ಲ ತೆಗೆದರೆ ಫ್ರೆಟ್ ಹಲಗೆ ಒರೆಸಬಹುದು, ಕಿಂಡಿಯೊಳಗಿನ ಧೂಳು ಬ್ರಷ್ಷಿನಿಂದ ತೆಗೆಯಬಹುದು. ಕಿಂಡಿತಲೆಯ ಹಲ್ಲುಚಕ್ರಗಳು ಬಹುತೇಕ ತೆರೆದೇ ಇರುತ್ತವೆ, ನಮ್ಮ ಬೇಸಿಗೆಯ ಧೂಳು ಅಲ್ಲೇ ಕೂರುತ್ತದೆ. ಅದಕ್ಕೆ ಹೊಲಿಗೆ ಮಷಿನ್ ಎಣ್ಣೆ ಒಂದು ಹನಿ ಸಾಕು. ಶೇಂಗಾ ಎಣ್ಣೆ, ಕೊಬ್ಬರಿ ಎಣ್ಣೆ ಬೇಡವೇ ಬೇಡ, ಅವು ಅಂಟಾಗಿ ಧೂಳನ್ನು ಇನ್ನಷ್ಟು ಹಿಡಿಯುತ್ತವೆ. ನಾನು ವರ್ಷಕ್ಕೊಮ್ಮೆ ಮಳೆಗಾಲ ಮುಗಿದ ಮೇಲೆ ಎಲ್ಲ ತೆಗೆದು ತೊಳಗಿಸುತ್ತೇನೆ, ಉಳಿದಂತೆ ಒಂದೊಂದಾಗಿ. ಬ್ರಿಡ್ಜಿನ ಕೆಳಗೆ ಪಿಕಪ್ (ದನಿಯನ್ನು ಸ್ಪೀಕರಿಗೆ ಕಳಿಸುವ ಸಾಧನ) ಇರುವವರು ಒಂದೊಂದಾಗಿಯೇ ಮಾಡಿ. ಎಲ್ಲ ತೆಗೆದಾಗ ಬ್ರಿಡ್ಜಿನ ಮೇಲಿನ ಬಿಳಿ ಪಟ್ಟಿ ಜಾರಿಬಿದ್ದರೆ ಪಿಕಪ್ ಕದಲುತ್ತದೆ.

ಕೀಗಳು ಹಿಂದಕ್ಕೆ ಚಾಚಿರುವುದರಿಂದ ಗಿಟಾರನ್ನು ಹಾಗೇ ಫರಸಿಯ ಮೇಲೆ ಮಲಗಿಸಬೇಡಿ. ಕೌದಿಯನ್ನು ನಾಲ್ಕು ಮಡಿಕೆ ಮಾಡಿ ಕುತ್ತಿಗೆಯ ಕೆಳಗಿಟ್ಟರೆ ತಲೆ ಗಾಳಿಯಲ್ಲಿ ನಿಲ್ಲುತ್ತದೆ, ಕೀ ತಿರುಗಿಸಲೂ ಕೈಗೆ ಜಾಗ ಸಿಗುತ್ತದೆ. ಹಳೇ ತಂತಿಯನ್ನು ಪೂರ್ತಿ ಸಡಿಲಿಸಿದ ಮೇಲೆಯೇ ಕತ್ತರಿಸಿ, ಬಿಗಿ ಇರುವಾಗ ಕತ್ತರಿಸಿದರೆ ಅದು ಕಣ್ಣಿಗೆ ಹಾರಬಹುದು. ಮಕ್ಕಳನ್ನು ಆಚೆ ಕೂರಿಸಿ. ಕೆಳಗೆ ಪಿನ್ ಹಾಕುವಾಗ ತಂತಿಯನ್ನು ಮೇಲಕ್ಕೆ ಎಳೆಯುತ್ತಾ ಪಿನ್ ಒತ್ತಿ. ತಂತಿಯ ಗುಂಡು ಪಿನ್ನಿನ ತುದಿಗೆ ಸಿಕ್ಕಿಕೊಳ್ಳದೆ ಒಳಹಲಗೆಗೆ ಕಚ್ಚಿ ಕೂರಬೇಕು. ನಟ್‌ನ ತೋಡುಗಳಿಗೆ ಪೆನ್ಸಿಲ್ ಸೀಸ ಸವರಿ. ಕಿಂಡಿತಲೆಯಲ್ಲಿ ತಂತಿ ನಟ್‌ನ ಆಚೆ ಕಡಿದಾಗಿ ಇಳಿಯುವುದರಿಂದ ಅಲ್ಲಿ ಸಿಕ್ಕಿಕೊಂಡು ಟಕ್ ಎನ್ನುವುದು ಹೆಚ್ಚು.

ಮನೆಯಲ್ಲೋ, ಅಂಗಡಿಯಲ್ಲೋ?

ಊರಿನ ಅಂಗಡಿಯವರು ಗಟ್ಟಿ ತಲೆಗೆ ಪಳಗಿದವರು, ದಿನಕ್ಕೆ ಹತ್ತು ಹಾಕುತ್ತಾರೆ. ಕಿಂಡಿತಲೆ ಅವರ ಕೈಗೆ ಅಪರೂಪ. ಕೊಡುವುದಾದರೆ ಪಕ್ಕದಲ್ಲಿ ನಿಂತು, ದಪ್ಪ ತಂತಿಗೆ ಎರಡೇ ಸುತ್ತು, ಮೇಲಿನಿಂದ ಎಂದು ಹೇಳಿ ಮಾಡಿಸಿ. ಸೊಲ್ಲಾಪುರ ಕಲಬುರಗಿಯಿಂದ ನೂರು ಕಿಲೋಮೀಟರ್ ಚಿಲ್ಲರೆ, ಹೈದರಾಬಾದ್ ಇನ್ನೂರರ ಮೇಲೆ. ಬರೀ ತಂತಿಗೆಂದು ಅಷ್ಟು ದೂರ ಹೋಗಬೇಕಿಲ್ಲ. ಬ್ರಿಡ್ಜ್ ಎದ್ದಿದ್ದರೆ, ಮರ ಸೀಳಿದ್ದರೆ, ಕುತ್ತಿಗೆ ಬಾಗಿದ್ದರೆ ಹೋಗಿ. ಉಳಿದದ್ದು ಮನೆಯಲ್ಲೇ ಆಗುವ ಕೆಲಸ. ಬೇಕಿರುವುದು ಒಂದು ತಂತಿ ಕತ್ತರಿ, ಒಂದು ಚೂಪುಮೂತಿಯ ಇಕ್ಕಳ, ಶ್ರುತಿ ನೋಡಲು ಫೋನಿನ ಆ್ಯಪ್. ಕೀ ತಿರುಗಿಸಲು ಬರುವ ಪ್ಲಾಸ್ಟಿಕ್ ಹಿಡಿಕೆಯನ್ನು ಕೊಳ್ಳುವ ಮುಂಚೆ ನಿಮ್ಮ ಗಿಟಾರಿನ ಕೀಗೆ ಹಿಡಿಸಿ ನೋಡಿ. ಎಷ್ಟೋ ಹಿಡಿಕೆಗಳು ತಿರುಗುವಾಗ ಪಕ್ಕದ ಕೀಗೆ ಬಡಿಯುತ್ತವೆ.

ಇನ್ನು ಆ ಮೂವರ ವಿಷಯ. ಕಾಲೇಜು ಹುಡುಗನಿಗೆ 11ರ ಫಾಸ್ಫರ್ ಬ್ರಾಂಜ್, ಲೇಪವಿಲ್ಲದ್ದು. ಅವನು ಕಟ್ಟುವುದನ್ನು ಕಲಿಯಬೇಕು, ಒಂದೆರಡು ತಂತಿ ಹಾಳಾದರೂ ಎದೆ ಒಡೆಯಬಾರದು. ಆರು ವಾರಕ್ಕೊಮ್ಮೆ ಬದಲಿಸಿದರೆ ವರ್ಷದೊಳಗೆ ಕೈ ಕುದುರುತ್ತದೆ. ನುಡಿಸಿದ ಮೇಲೆ ಹಳೇ ಧೋತರದ ತುಂಡಿನಿಂದ ಪ್ರತಿ ತಂತಿಯ ಅಡಿಯನ್ನೂ ಒರೆಸಿಟ್ಟರೆ ಆರು ವಾರ ಎಂಟಾಗುವುದೂ ಉಂಟು. ಕೈಯಲ್ಲಿ ಹಣ ಅಷ್ಟೂ ಇಲ್ಲದ ತಿಂಗಳು 80/20 ತಂದರೂ ಸರಿ, ಆದರೆ ಚಳಿಗಾಲದಲ್ಲಿ, ಮೇ ತಿಂಗಳಲ್ಲಲ್ಲ.

ಬೀದರಿನ ಅಕ್ಕನಿಗೆ ಲೇಪದ 12ರ ಸೆಟ್ಟು. ಚರ್ಚಿನ ಹಾಡಿಗೆ ದನಿಯ ತುಂಬು ಬೇಕು, ಗಿಟಾರ್ ಹೊಸದು, ತಾಳುತ್ತದೆ. ವರ್ಷಕ್ಕೆ ಮೂರು ಸಲ ಬದಲಿಸಿದರೆ ಸಾಕು, ಅದರಲ್ಲಿ ಒಂದು ಸಲ ಕ್ರಿಸ್‌ಮಸ್‌ಗೆ ನಾಲ್ಕು ದಿನ ಮುಂಚೆ. ಹಿಂದಿನ ದಿನ ಬದಲಿಸಬೇಡಿ ಎಂದು ಒತ್ತಿ ಹೇಳಿದೆ. ಹೊಸ ತಂತಿ ಎರಡು ದಿನ ಹಿಗ್ಗುತ್ತಲೇ ಇರುತ್ತದೆ. 12ನೇ ಫ್ರೆಟ್ಟಿನ ಬಳಿ ಪ್ರತಿ ತಂತಿಯನ್ನೂ ಬೆರಳಿನಿಂದ ಮೆಲ್ಲಗೆ ಮೇಲೆತ್ತಿ, ಮತ್ತೆ ಶ್ರುತಿ ಮಾಡಿ, ಹೀಗೆ ನಾಲ್ಕೈದು ಸಲ ಮಾಡಿದರೆ ಬೇಗ ನಿಲ್ಲುತ್ತದೆ.

ಯಾದಗಿರಿಯ ಹಿರಿಯರಿಗೆ ಮೊದಲು ತಂತಿಯನ್ನೇ ಕೊಳ್ಳಬೇಡಿ ಎಂದೆ. ಹಳೆಯ ತಂತಿ ಸಡಿಲಿಸಿ, ಬ್ರಿಡ್ಜಿನ ಹಿಂದೆ ಕಾಗದದ ತುಂಡು ತೂರುತ್ತದೆಯೇ, ಮೇಲುಹಲಗೆ ಉಬ್ಬಿದೆಯೇ, ಎಲ್ಲಾದರೂ ಸೀಳಿದೆಯೇ ನೋಡಿ. ಅಟ್ಟದ ಬಿಸಿಗೆ ಅಂಟು ಬಿಟ್ಟಿರುವ ಸಂಭವ ಹೆಚ್ಚು. ಎಲ್ಲ ಗಟ್ಟಿಯಾಗಿದ್ದರೆ ಸಿಲ್ಕ್ ಆಂಡ್ ಸ್ಟೀಲ್ ಹಾಕಿ, ಅದೂ ಒಂದು ಸ್ವರ ಇಳಿಸಿ. ಒಂದು ವಾರ ಹಾಗೇ ಬಿಟ್ಟು ಬ್ರಿಡ್ಜನ್ನು ಮತ್ತೆ ನೋಡಿ, ಆಮೇಲೆ ಅರ್ಧ ಸ್ವರ ಏರಿಸಿ. ಅವರು ನಿನ್ನೆ ಸಂಜೆ ಫೋನ್ ಮಾಡಿದ್ದರು. "ಕಾಗದ ತೂರಲಿಲ್ಲರಿ ಸರ್, ಬ್ರಿಡ್ಜ್ ಗಟ್ಟಿ ಅದ" ಅಂದರು. ತಂತಿ ಬರಲು ಇನ್ನು ನಾಲ್ಕು ದಿನ.